ಹವಳದ ಉಂಗುರದೊಳಗೆ ಲಂಗರು ಬಿಟ್ಟರೆ ನಿಶ್ಚಿಂತೆಯಿಂದ ಮಲಗಬಹುದೇ?

ಪ್ರಶ್ನೆ: ನಾನು ಕುಮಟಾ ಕಡೆಯವನು. ಹನ್ನೆರಡು ವರ್ಷದಿಂದ ಆಕ್ಲೆಂಡ್‌ನಲ್ಲಿದ್ದೇನೆ, ಪಾಸ್‌ಪೋರ್ಟ್ ಇನ್ನೂ ಭಾರತದ್ದೇ. ಇಲ್ಲಿನ ಹೌರಾಕಿ ಕೊಲ್ಲಿಯಲ್ಲಿ ಸ್ನೇಹಿತನ 40 ಅಡಿಯ ಹಾಯಿದೋಣಿಯಲ್ಲಿ ವಾರಾಂತ್ಯಕ್ಕೆ ಓಡಾಡಿ ರೂಢಿಯಿದೆ. ದೂರದ ಸಮುದ್ರಯಾನ ಮಾಡಿದವನಲ್ಲ. ಆ ದೋಣಿ ಈಗ ತಾಹಿತಿಯಲ್ಲಿದೆ. ಜುಲೈಯಲ್ಲಿ ಬೋರಾ ಬೋರಾದಿಂದ ಹೊರಟು, ಕುಕ್ ದ್ವೀಪಗಳ ಸುವಾರೋ ಎಂಬ ಹವಳದ ಉಂಗುರದೊಳಗೆ ಎರಡು ವಾರ ನಿಂತು, ಸಮೋವಾ ತಲುಪಿ ಅಲ್ಲಿಂದ ವಿಮಾನದಲ್ಲಿ ಮರಳುವ ಯೋಚನೆಯಿದೆ. ಹೆಂಡತಿ ಮತ್ತು 11 ವರ್ಷದ ಮಗಳೂ ಬರುತ್ತಾರೆ. “ಒಳಗೆ ಹೊಕ್ಕರೆ ಕೆರೆ ನೀರಿನ ಹಾಗೆ, ಲಂಗರು ಬಿಟ್ಟು ಮರೆತುಬಿಡು” ಎನ್ನುತ್ತಾನೆ ಸ್ನೇಹಿತ. ಇದು ಎಷ್ಟು ನಿಜ? ನಾವು ಏನು ಕಲಿತು ಹೊರಡಬೇಕು?

ಉತ್ತರ: ಮೊದಲು ಒಂದು ಮಾತು ಹೇಳಿಬಿಡುತ್ತೇನೆ, ಹೋಗಿ ಬನ್ನಿ. ಸರಕು ಹಡಗುಗಳಲ್ಲಿ ಇಪ್ಪತ್ತು ವರ್ಷ ದುಡಿದು, ಆಮೇಲೆ ಬೇರೆಯವರ ಹಾಯಿದೋಣಿಗಳನ್ನು ಬಂದರಿನಿಂದ ಬಂದರಿಗೆ ತಲುಪಿಸುವ ಕೆಲಸ ಮಾಡಿದವನು ನಾನು. ಸುವಾರೋದಲ್ಲಿ ಎರಡು ಸಲ ಲಂಗರು ಹಾಕಿದ್ದೇನೆ. ಬೆಳಿಗ್ಗೆ ಎದ್ದು ದೋಣಿಯ ಅಂಚಿನಿಂದ ಬಗ್ಗಿ ನೋಡಿದರೆ ಹದಿನೈದು ಮೀಟರ್ ಕೆಳಗೆ ನಮ್ಮದೇ ಸರಪಳಿ ಮರಳಿನ ಮೇಲೆ ಗೆರೆ ಎಳೆದಂತೆ ಕಾಣುತ್ತಿತ್ತು, ಅದರ ಪಕ್ಕದಲ್ಲಿ ದೋಣಿಯ ನೆರಳು. ಅಂಥ ನೀರನ್ನು ನಿಮ್ಮ ಮಗಳು ಹನ್ನೊಂದನೇ ವಯಸ್ಸಿನಲ್ಲೇ ನೋಡುತ್ತಾಳೆಂದರೆ ಅದು ಅವಳ ಪಾಲಿನ ದೊಡ್ಡ ಭಾಗ್ಯ.

ಆದರೆ ನಿಮ್ಮ ಸ್ನೇಹಿತರ “ಮರೆತುಬಿಡು” ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಸುವಾರೋದ ಶಾಂತಿ ಅಲ್ಲಿನ ಗಾಳಿಯ ದಿಕ್ಕಿಗೆ ಕಟ್ಟುಬಿದ್ದದ್ದು. ಗಾಳಿ ಪೂರ್ವ ಅಥವಾ ಆಗ್ನೇಯದಿಂದ ಬೀಸುವವರೆಗೆ ನೀವು ಕೆರೆಯಲ್ಲೇ ಇದ್ದೀರಿ. ಅದು ದಕ್ಷಿಣಕ್ಕೋ ನೈಋತ್ಯಕ್ಕೋ ತಿರುಗಿತೆಂದರೆ, ಅದೇ ಜಾಗದಲ್ಲಿ, ಅದೇ ಲಂಗರಿನ ಮೇಲೆ, ನಿಮ್ಮ ಬೆನ್ನ ಹಿಂದೆ ಹವಳದ ಬಂಡೆ ಬಂದು ನಿಂತಿರುತ್ತದೆ. ನಾನು ಕೆಳಗೆ ಬರೆಯುವ ಎಲ್ಲವೂ ಈ ಒಂದು ಸಂಗತಿಯಿಂದಲೇ ಹುಟ್ಟಿದ್ದು.

ಜಾಗದ ಬಗ್ಗೆ ಸ್ವಲ್ಪ. ಸುವಾರೋ 13 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿದೆ. ರಾಜಧಾನಿ ಇರುವ ರಾರೊಟೊಂಗಾದಿಂದ ಸುಮಾರು 500 ನಾಟಿಕಲ್ ಮೈಲಿ (ಒಂದು ನಾಟಿಕಲ್ ಮೈಲಿ ಎಂದರೆ ಸುಮಾರು 1.85 ಕಿ.ಮೀ.). ಹೆಸರು ರಷ್ಯಾದ್ದು: 1814ರಲ್ಲಿ ಲಾಜರೆವ್ ಎಂಬ ಕಪ್ತಾನನ ‘ಸುವೊರೊವ್’ ಹಡಗು ಇದನ್ನು ಕಂಡದ್ದರಿಂದ ಬಂದದ್ದು. ಲಕ್ಷದ್ವೀಪದ ದ್ವೀಪಗಳ ಜಾತಿಗೇ ಸೇರಿದ್ದು ಇದು. ಬಹಳ ಹಿಂದೆ ಮುಳುಗಿಹೋದ ಜ್ವಾಲಾಮುಖಿಯ ಸುತ್ತ ಬೆಳೆದುಕೊಂಡು ಬಂದ ಹವಳದ ಉಂಗುರ, ಆ ಉಂಗುರದ ಮೇಲೆ ಅಲ್ಲಲ್ಲಿ ತೆಂಗು, ಪೊದೆಗಳ ಪುಟ್ಟ ತುಂಡು ನೆಲ, ನಡುವೆ ಅಗಲವಾದ ನೀರು. ಅದನ್ನು ಲಗೂನ್ ಎನ್ನುತ್ತೇವೆ. ಇಲ್ಲಿ ಅದು ಆರೇಳು ಮೈಲಿ ಅಗಲ. ಒಳಗೆ ಹೋಗುವ ದಾರಿ ಈಶಾನ್ಯ ಬದಿಯಲ್ಲಿ, ಆಂಕರೇಜ್ ಐಲ್ಯಾಂಡ್ ಎಂಬ ದ್ವೀಪದ ಪಕ್ಕದಲ್ಲೇ ಇದೆ. ಹೆಸರಿನಂತೆಯೇ ಅದು ಲಂಗರಿನ ದ್ವೀಪ. ಎಲ್ಲರೂ ನಿಲ್ಲುವುದು ಅದರ ಮರೆಯಲ್ಲೇ. ಸುವಾರೋ ಒಂದು ರಾಷ್ಟ್ರೀಯ ಉದ್ಯಾನ, ಅದರ ನಿಯಮವೂ ಹಾಗೇ ಇದೆ, ಲಗೂನಿನ ಇನ್ನೊಂದು ಮೂಲೆಗೆ ಹೋಗಿ ನಿಮ್ಮಿಷ್ಟದ ಜಾಗ ಹುಡುಕುವಂತಿಲ್ಲ.

ವಿಮಾನ ನಿಲ್ದಾಣವಿಲ್ಲ, ಅಂಗಡಿಯಿಲ್ಲ, ವೈದ್ಯರಿಲ್ಲ. 1978ರಿಂದ ಇದು ಕುಕ್ ದ್ವೀಪಗಳ ರಾಷ್ಟ್ರೀಯ ಉದ್ಯಾನ. ಚಂಡಮಾರುತದ ಕಾಲ ಮುಗಿದ ಮೇಲೆ, ಸುಮಾರು ಜೂನ್‌ನಿಂದ, ಒಂದಿಬ್ಬರು ವನಪಾಲಕರು ಬಂದು ಅಲ್ಲೇ ಇರುತ್ತಾರೆ, ನವೆಂಬರ್ ಹತ್ತಿರ ಬಂದಂತೆ ಅವರನ್ನು ಕರೆದೊಯ್ಯುತ್ತಾರೆ. ಅವರಿಲ್ಲದ ತಿಂಗಳುಗಳಲ್ಲಿ ಅಲ್ಲಿಗೆ ಹೋಗಬಾರದು. ನಮ್ಮ ಮಂಗಳೂರು ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಹೋಗುವ ಸರಕಿನ ಮಂಜಿ ದೋಣಿಗಳು ಮಳೆಗಾಲಕ್ಕೆ ಕಟ್ಟಿಹಾಕಿಕೊಳ್ಳುತ್ತವಲ್ಲ, ಅದೇ ಶಿಸ್ತು. ಅಲ್ಲಿನ ಚಂಡಮಾರುತದ ಕಾಲ ನವೆಂಬರ್‌ನಿಂದ ಏಪ್ರಿಲ್. ಅಟಾಲ್‌ನ, ಅಂದರೆ ಇಂಥ ಹವಳದ ಉಂಗುರದ, ನೆಲ ಎಲ್ಲೂ ಕೆಲವೇ ಮೀಟರ್‌ಗಿಂತ ಎತ್ತರವಿಲ್ಲ. 1942ರ ಚಂಡಮಾರುತದಲ್ಲಿ ಅಲೆ ದ್ವೀಪಗಳ ಮೇಲೇ ಹಾದುಹೋಗಿತ್ತು. ಆಗ ಅಲ್ಲಿದ್ದ ಅಮೆರಿಕದ ಲೇಖಕ ರಾಬರ್ಟ್ ಡೀನ್ ಫ್ರಿಸ್ಬಿ ತನ್ನ ನಾಲ್ಕು ಮಕ್ಕಳನ್ನು ಮರಗಳಿಗೆ ಹಗ್ಗದಿಂದ ಕಟ್ಟಿ ಉಳಿಸಿಕೊಂಡ. ಜುಲೈ ಆಯ್ದುಕೊಂಡಿದ್ದೀರಿ, ಆ ಚಿಂತೆ ನಿಮಗಿಲ್ಲ.

ಈಗ ದಾರಿ. ಬೋರಾ ಬೋರಾದಿಂದ ಸುವಾರೋಗೆ ಹತ್ತಿರ ಹತ್ತಿರ 690 ನಾಟಿಕಲ್ ಮೈಲಿ. ನಿಮ್ಮ ಅಳತೆಯ ದೋಣಿ ಗಂಟೆಗೆ ಐದರಿಂದ ಐದೂವರೆ ಮೈಲಿ ಹೋದರೆ ಐದಾರು ದಿನ. ಹೌರಾಕಿ ಕೊಲ್ಲಿಯಲ್ಲಿ ಸಂಜೆಯಾದರೆ ಒಂದು ಕೊಲ್ಲಿ ಸಿಗುತ್ತದೆ, ಇಲ್ಲಿ ಸಿಗುವುದಿಲ್ಲ. ಗಾಳಿ ಹಿಂದಿನಿಂದ ಬರುತ್ತದೆ, ಅದು ಅನುಕೂಲವೇ. ಆದರೆ ದಕ್ಷಿಣ ಸಾಗರದ ಬಿರುಗಾಳಿಗಳು ಎಬ್ಬಿಸಿದ ನೀಳ ಅಲೆ ಪಕ್ಕದಿಂದ ಬಂದು ಸೇರಿ ದೋಣಿ ಇಡೀ ದಿನ ತೊಟ್ಟಿಲ ಹಾಗೆ ತೂಗುತ್ತದೆ. ಮೊದಲ ಎರಡು ಮೂರು ದಿನ ವಾಂತಿ, ತಲೆಸುತ್ತು ಬಂದೇ ಬರುತ್ತದೆ ಅಂದುಕೊಂಡು ಹೊರಡಿ. ಮೊದಲ ಎರಡು ದಿನದ ಅಡುಗೆಯನ್ನು ದಡದಲ್ಲೇ ಮಾಡಿ ಡಬ್ಬಿಗೆ ತುಂಬಿಬಿಡಿ. ಯಾರೂ ಒಲೆಯ ಮುಂದೆ ನಿಲ್ಲುವ ಸ್ಥಿತಿಯಲ್ಲಿರುವುದಿಲ್ಲ.

ತಲುಪುವ ಹೊತ್ತನ್ನು ಈಗಲೇ ಲೆಕ್ಕ ಹಾಕಬೇಕು. ಬೋರಾ ಬೋರಾದಲ್ಲೂ ಸುವಾರೋದಲ್ಲೂ ಗಡಿಯಾರ ಒಂದೇ. ಬೆಳಿಗ್ಗೆ ಒಂಬತ್ತಕ್ಕೆ ಹೊರಟು ಐದೂವರೆ ನಾಟ್ (ಗಂಟೆಗೆ ಐದೂವರೆ ನಾಟಿಕಲ್ ಮೈಲಿ) ವೇಗ ಹಿಡಿದರೆ ಆರನೇ ದಿನ ಮಧ್ಯಾಹ್ನ ಎರಡರ ಸುಮಾರಿಗೆ ಅಳಿವೆಯ ಮುಂದಿರುತ್ತೀರಿ, ಸರಿಯಾದ ಹೊತ್ತು. ಐದೇ ನಾಟ್ ಸಿಕ್ಕಿದರೆ ಏಳನೇ ದಿನದ ನಸುಕಿನ ಮೂರು ಗಂಟೆ. ಆಗ ಕತ್ತಲಲ್ಲಿ ದೀಪ ಹಿಡಿದು ನುಗ್ಗುವ ಮಾತೇ ಇಲ್ಲ. ಹಾಯಿ ಕಿರಿದು ಮಾಡಿ, ದ್ವೀಪದಿಂದ ಹತ್ತು ಮೈಲಿ ಆಚೆಯೇ ದೋಣಿಯನ್ನು ಮುಂದೆ ಸಾಗದಂತೆ ನಿಲ್ಲಿಸಿಕೊಂಡು, ಸೂರ್ಯ ಮೇಲೇರುವವರೆಗೆ ಕಾಯಬೇಕು. ಆರು ದಿನ ದಣಿದು ಬಂದವರಿಗೆ ತೆಂಗಿನ ತಲೆ ಕಾಣುವಾಗ ಕಾಯುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಕಾಯಿರಿ.

ಕುಮಟಾದವರಾದ್ದರಿಂದ ಅಳಿವೆಯ ವಿಷಯ ನಿಮಗೆ ಬೇಗ ಅರ್ಥವಾಗುತ್ತದೆ. ಅಘನಾಶಿನಿ ಕಡಲು ಸೇರುವಲ್ಲಿ ತದಡಿಯ ಬೋಟಿನವರು ಇಳಿತದ ಹೊತ್ತಿನಲ್ಲಿ ಏಕೆ ಹುಷಾರಾಗಿರುತ್ತಾರೆ? ಹೊರಗೆ ಹರಿಯುವ ನೀರು ಒಳಗೆ ಬರುವ ಅಲೆಗೆ ಎದುರಾಗಿ, ಅಲೆಗಳ ನಡುವಿನ ಅಂತರ ಕಿರಿದಾಗಿ ಅವು ಕಡಿದಾಗಿ ಎದ್ದು ನಿಲ್ಲುತ್ತವೆ, ಅದಕ್ಕೆ. ಸುವಾರೋದ ಅಳಿವೆಯಲ್ಲೂ ಅದೇ ಆಟ, ಒಂದು ವ್ಯತ್ಯಾಸದೊಂದಿಗೆ. ಇಲ್ಲಿ ಭರತ–ಇಳಿತದ ಏರಿಳಿತ ಒಂದು ಮೀಟರಿಗಿಂತ ಕಡಿಮೆ. ಆದರೆ ದಕ್ಷಿಣದ ದೊಡ್ಡ ಅಲೆಗಳು ಗಾಳಿ ಬದಿಯ ಹವಳದ ಅಂಚನ್ನು ಹಾರಿ ಲಗೂನಿಗೆ ನೀರು ಸುರಿಯುತ್ತಲೇ ಇರುತ್ತವೆ, ಆ ನೀರೆಲ್ಲ ಹೊರಹೋಗಬೇಕಾದದ್ದು ಈ ಬಾಗಿಲಿನಿಂದ. ಹೀಗಾಗಿ ಭರತ–ಇಳಿತದ ವೇಳಾಪಟ್ಟಿಯ ಪ್ರಕಾರ ಭರತ ಏರುತ್ತಿದ್ದರೂ ನೀರು ಹೊರಗೇ ಹರಿಯುತ್ತಿರಬಹುದು. ನಾಲ್ಕು ದಿನದಿಂದ ಹೊರಗೆ ದೊಡ್ಡ ಅಲೆಯಿದ್ದರೆ ಪಟ್ಟಿಯನ್ನು ನಂಬಬೇಡಿ. ಅಳಿವೆಯ ಎದುರು ಅರ್ಧ ಗಂಟೆ ನಿಂತು ಕಣ್ಣಿಂದ ನೋಡಿ: ನೀರಿನ ಮೈ ನುಣುಪಾಗಿದೆಯೇ, ಚಿಕ್ಕ ಚಿಕ್ಕ ಅಲೆ ನಿಂತಲ್ಲೇ ಕುಣಿಯುತ್ತಿವೆಯೇ? ಕುಣಿಯುತ್ತಿದ್ದರೆ ಇನ್ನೆರಡು ಗಂಟೆ ಬಿಟ್ಟು ನೋಡಿ. ಅಳಿವೆ ಸಾಕಷ್ಟು ಅಗಲವಿದೆ, ಒಳ್ಳೆಯ ಬೆಳಕಿನಲ್ಲಿ ಕಷ್ಟದ್ದಲ್ಲ.

ಬೆಳಕಿನ ವಿಷಯದಲ್ಲಿ ನಾವು ಭಾರತದವರು ಎಡವುವ ಜಾಗವೊಂದಿದೆ. ಹವಳ ಕಾಣಬೇಕಾದರೆ ಸೂರ್ಯ ಎತ್ತರದಲ್ಲಿರಬೇಕು ಮತ್ತು ನಮ್ಮ ಬೆನ್ನಿಗಿರಬೇಕು. ಊರಿನ ರೂಢಿಯಲ್ಲಿ ಮಧ್ಯಾಹ್ನದ ಸೂರ್ಯ ವರ್ಷದ ಬಹುಪಾಲು ದಕ್ಷಿಣಕ್ಕೆ ವಾಲಿರುತ್ತಾನೆ. ಆಕ್ಲೆಂಡ್‌ನಲ್ಲಿ ಇದ್ದು ನಿಮಗೆ ಅದು ಬಿಟ್ಟುಹೋಗಿರಬಹುದು, ಆದರೂ ಹೇಳುತ್ತೇನೆ: ಜುಲೈಯಲ್ಲಿ ಸುವಾರೋದಲ್ಲಿ ನಡುಹಗಲಿನ ಸೂರ್ಯ ಉತ್ತರದಲ್ಲಿರುತ್ತಾನೆ. ಅಳಿವೆಯಿಂದ ನೀವು ಒಳಗೆ ಹೋಗುವುದು ಸರಿಸುಮಾರು ದಕ್ಷಿಣಕ್ಕೆ. ಅಂದರೆ ಹತ್ತರಿಂದ ಎರಡರೊಳಗೆ ಬಂದರೆ ಬೆಳಕು ತಾನಾಗಿಯೇ ಬೆನ್ನಿಗೆ ಬೀಳುತ್ತದೆ. ಇದು ಆ ಜಾಗ ನಮಗೆ ಕೊಟ್ಟ ಉಪಕಾರ. ಹೊರಡುವ ದಿನ ಮಾತ್ರ ಅದೇ ಸೂರ್ಯ ಎದುರಿಗಿರುತ್ತಾನೆ, ಆಗ ಒಳಬಂದಾಗ ಜಿಪಿಎಸ್‌ನಲ್ಲಿ ಉಳಿಸಿಟ್ಟ ಗೆರೆಯನ್ನೇ ಹಿಡಿದು ಹೋಗಬೇಕು. ಒಳಬರುವಾಗ ಆ ಗೆರೆ ದಾಖಲಾಗುತ್ತಿದೆಯೇ ಎಂದು ಎರಡು ಸಲ ನೋಡಿಕೊಳ್ಳಿ.

ಮಗಳನ್ನು ಒಳಗೆ ಕೂರಿಸಬೇಡಿ. ಲೈಫ್ ಜಾಕೆಟ್ ಹಾಕಿಸಿ, ಮುಂತುದಿಯಲ್ಲಿ ಅಮ್ಮನ ಪಕ್ಕ ಕೂರಿಸಿ, ಇಬ್ಬರಿಗೂ ಪೋಲರೈಸ್ಡ್ ಕನ್ನಡಕ ಕೊಡಿ. ಬಣ್ಣ ಓದುವುದನ್ನು ಬೋರಾ ಬೋರಾದಲ್ಲೇ ಕಲಿಸಿ. ಕಡುನೀಲಿ ಆಳ. ತಿಳಿಹಸಿರು ನೀಲಿಯಾದರೆ ಮರಳಿನ ತಳ, ಆಳ ಕಡಿಮೆ. ಕಂದು, ಹಳದಿ ಮಿಶ್ರ ಕಂದು ಕಂಡರೆ ಹವಳ ಮೇಲಕ್ಕೇ ಬಂದಿದೆ, ಕೂಗಬೇಕು. ಮೋಡದ ನೆರಳು ಕೂಡ ಕಂದಾಗಿ ಕಾಣುತ್ತದೆ, ಆದರೆ ಅದು ಜರುಗುತ್ತದೆ. ಮಕ್ಕಳ ಕಣ್ಣು ಇದಕ್ಕೆ ಬಹಳ ಚುರುಕು. ಕೈಸನ್ನೆಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಿ, ಎಂಜಿನ್ ಸದ್ದಿನಲ್ಲಿ ಮುಂದಿನ ಮಾತು ಹಿಂದೆ ಚುಕ್ಕಾಣಿ ಹಿಡಿದವರಿಗೆ ಕೇಳುವುದಿಲ್ಲ.

ಇನ್ನು ಲಂಗರು. ನಿಮ್ಮ ಪ್ರಶ್ನೆಯ ತಿರುಳು ಇರುವುದು ಇಲ್ಲಿ, ಹಾಗಾಗಿ ವಿವರವಾಗಿ ಬರೆಯುತ್ತೇನೆ.

ಆಂಕರೇಜ್ ಐಲ್ಯಾಂಡಿನ ಮರೆಯಲ್ಲಿ ಆಳ ಹನ್ನೆರಡರಿಂದ ಹದಿನೆಂಟು ಮೀಟರ್. ತಳದಲ್ಲಿ ಮರಳಿದೆ, ಮರಳಿನ ನಡುವೆ ಹವಳದ ಗುಡ್ಡೆಗಳಿವೆ. ಕೆಲವು ಅಡಿಗೆಮನೆಯಷ್ಟು ದೊಡ್ಡವು, ಕೆಲವು ಬಾನಿಯಷ್ಟು. ಲಂಗರನ್ನು ಮರಳಿಗೆ ಬೀಳಿಸಬಹುದು, ಕಷ್ಟವಿಲ್ಲ. ತೊಂದರೆ ಬರುವುದು ಸರಪಳಿಯಿಂದ. ಹದಿನೈದು ಮೀಟರ್ ಆಳಕ್ಕೆ, ನೀರಿನಿಂದ ಮುಂತುದಿಯ ಎತ್ತರವನ್ನೂ ಸೇರಿಸಿ, ಐದು ಪಟ್ಟು ಬಿಡಬೇಕೆಂದರೆ ಎಂಬತ್ತು ಮೀಟರ್ ಸರಪಳಿ ಹೊರಗಿರುತ್ತದೆ. ಹಗಲು ಗಾಳಿ ಪೂರ್ವದಿಂದ, ರಾತ್ರಿ ಸ್ವಲ್ಪ ಆಗ್ನೇಯದಿಂದ, ಮಳೆ ಬಂದಾಗ ಇನ್ನೆಲ್ಲಿಂದಲೋ. ದೋಣಿ ತಿರುಗಿದಂತೆಲ್ಲ ಸರಪಳಿ ತಳವನ್ನು ಗುಡಿಸುತ್ತ ಒಂದು ಗುಡ್ಡೆಗೆ ಸುತ್ತಿಕೊಳ್ಳುತ್ತದೆ. ಎಂಬತ್ತು ಮೀಟರ್ ಬಿಟ್ಟಿದ್ದೇನೆಂದು ನೀವು ಅಂದುಕೊಂಡಿರುತ್ತೀರಿ, ನಿಜಕ್ಕೆ ದೋಣಿ ನಿಂತಿರುವುದು ಹದಿನೆಂಟು ಮೀಟರ್ ಸರಪಳಿಯ ಮೇಲೆ, ನೆಟ್ಟಗೆ ಕೆಳಗೆ.

ಮೊದಲ ಸಲ ಹೋದಾಗ ನನಗೆ ಆದದ್ದು ಇದೇ. ಐದನೇ ರಾತ್ರಿ, ಎರಡು ಗಂಟೆ ಇರಬೇಕು, ಮಳೆಯ ಮೋಡವೊಂದು ಹಾದು ಗಾಳಿ ದಕ್ಷಿಣಕ್ಕೆ ತಿರುಗಿತು, ಇಪ್ಪತ್ತೈದು ನಾಟ್. ಆರೇಳು ಮೈಲಿ ಅಗಲದ ಲಗೂನನ್ನು ದಾಟಿ ಬರುವ ಹೊತ್ತಿಗೆ ಅಲೆ ಸುಮಾರು ಒಂದು ಮೀಟರ್ ಎತ್ತರವಾಗಿತ್ತು. ಕೇಳಲು ಕಡಿಮೆ ಅನ್ನಿಸಬಹುದು. ಆದರೆ ಮುಂತುದಿ ಮೇಲೇಳುವಾಗ ಗಿಡ್ಡ ಸರಪಳಿ ಬಿಗಿದು ‘ಢಣ್’ ಎಂದು ಜಗ್ಗುತ್ತಿತ್ತು, ಇಡೀ ದೋಣಿ ನಡುಗುತ್ತಿತ್ತು. ಪೆಟ್ಟು ತಿನ್ನಲೆಂದು ಸರಪಳಿಗೆ ಕಟ್ಟಿದ್ದ ನೈಲಾನ್ ಹಗ್ಗ ಎರಡು ಜಗ್ಗಿಗೆ ಹರಿಯಿತು. ಆಮೇಲಿನ ಪೆಟ್ಟು ನೇರ ಲಂಗರೆತ್ತುವ ಯಂತ್ರಕ್ಕೆ. ಹಿಂದೆ ನೂರೈವತ್ತು ಮೀಟರ್ ದೂರದಲ್ಲಿ ಹವಳದ ಮೇಲೆ ಅಲೆ ಒಡೆಯುವ ಬಿಳಿ ಗೆರೆ ಕತ್ತಲಲ್ಲೂ ಕಾಣುತ್ತಿತ್ತು. ಬೆಳಗಾಗುವವರೆಗೆ ಎಂಜಿನ್ ಹಾಕಿಕೊಂಡು, ಸರಪಳಿಯ ಭಾರ ಇಳಿಸಲು ಮೆಲ್ಲಗೆ ಮುಂದೆ ಒತ್ತುತ್ತ, ಒಬ್ಬರಾದ ಮೇಲೆ ಒಬ್ಬರು ಚುಕ್ಕಾಣಿ ಹಿಡಿದು ಕೂತೆವು. ಬೆಳಿಗ್ಗೆ ಪಕ್ಕದ ದೋಣಿಯವರ ಮುಂತುದಿಯಲ್ಲಿ ಸರಪಳಿ ಹಾಯುವ ಉರುಳೆ ತುಂಡಾಗಿ ಬಿದ್ದಿತ್ತು. ನೀರಿಗಿಳಿದು ನೋಡಿದರೆ ನನ್ನ ಸರಪಳಿ ಒಂದು ಗುಡ್ಡೆಗೆ ಒಂದೂವರೆ ಸುತ್ತು ಹಾಕಿಕೊಂಡಿತ್ತು. ಆ ಗುಡ್ಡೆಯ ಮೈಮೇಲೆ ಗರಗಸದಲ್ಲಿ ಕೊಯ್ದಂಥ ಬಿಳಿ ಗಾಯ. ಅಂಥ ದಪ್ಪ ಹವಳ ವರ್ಷಕ್ಕೆ ಒಂದು ಸೆಂಟಿಮೀಟರಿನ ಆಚೀಚೆ ಬೆಳೆಯುವಂಥದ್ದು. ನಾಲ್ಕು ಗಂಟೆಯಲ್ಲಿ ನಾನು ಕೊಯ್ದದ್ದು ನಲವತ್ತು ವರ್ಷದ ಬೆಳೆ. ಆ ಬಿಳಿ ಗೆರೆ ಇವತ್ತಿಗೂ ಕಣ್ಣ ಮುಂದಿದೆ.

ಎರಡನೇ ಸಲ ಹೋದಾಗ ಸರಪಳಿಯನ್ನು ತೇಲಿಸಿದೆ. ನೀವೂ ಹಾಗೇ ಮಾಡಿ. ತಾಹಿತಿ, ಬೋರಾ ಬೋರಾ ಸೇರಿರುವ ಫ್ರೆಂಚ್ ಪಾಲಿನೇಷ್ಯಾದ ದಡಗಳಲ್ಲಿ ಮುತ್ತಿನ ಸಾಕಣೆಯವರ ಗಟ್ಟಿ ಪ್ಲಾಸ್ಟಿಕ್ ಚೆಂಡುಗಳು ಕೊಚ್ಚಿಕೊಂಡು ಬಂದು ಬಿದ್ದಿರುತ್ತವೆ. ಕೇಳಿ ನಾಲ್ಕಾರು ಕೂಡಿಸಿಕೊಳ್ಳಿ. ಮೂವತ್ತು ಸೆಂಟಿಮೀಟರ್ ವ್ಯಾಸದ ಒಂದು ಚೆಂಡು ಸುಮಾರು ಹದಿಮೂರು ಕಿಲೋ ಭಾರ ಎತ್ತುತ್ತದೆ. ಹತ್ತು ಮಿಲಿಮೀಟರ್ ಸರಪಳಿ ನೀರೊಳಗೆ ಮೀಟರಿಗೆ ಎರಡು ಕಿಲೋ ತೂಗುತ್ತದೆ. ಅಂದರೆ ಒಂದು ಚೆಂಡಿಗೆ ಆರು ಮೀಟರ್ ಸರಪಳಿ ಎಂದು ಲೆಕ್ಕ.

ಮಾಡುವ ಕ್ರಮ ಹೀಗೆ. ಬಿಳಿ ಮರಳಿನ ತೇಪೆ ಹುಡುಕಿ ಅದರ ನಡುವೆ ಲಂಗರು ಬಿಡಿ. ಆಳದ ಎರಡು ಪಟ್ಟು ಸರಪಳಿ ಬಿಟ್ಟು, ಎಂಜಿನ್ ಹಿಂದಕ್ಕೆ ಹಾಕಿ, ಮೆಲ್ಲಗೆ ಶುರುಮಾಡಿ ಜೋರಾಗಿ ಎಳೆದು, ಲಂಗರು ಮರಳಲ್ಲಿ ಹುಗಿದುಕೊಳ್ಳುವಂತೆ ಮಾಡಿ. ದಡದ ಎರಡು ತೆಂಗಿನ ಮರಗಳನ್ನು ಒಂದರ ಹಿಂದೆ ಒಂದು ಸಾಲುಹಿಡಿದು ನೋಡುತ್ತಿರಿ, ಸಾಲು ಕದಲದಿದ್ದರೆ ಹಿಡಿತ ಸಿಕ್ಕಿದೆ. ಆಮೇಲೆ ಸರಪಳಿಗೆ ಮೊದಲ ಚೆಂಡು ಕಟ್ಟಿ, ಆರೇಳು ಮೀಟರಿಗೊಂದರಂತೆ ಇನ್ನೆರಡು ಮೂರು ಕಟ್ಟುತ್ತ ಉಳಿದ ಸರಪಳಿ ಬಿಡಿ. ಲಂಗರಿನ ಪಕ್ಕದ ಭಾಗ ಮರಳ ಮೇಲೆಯೇ ಮಲಗಿರಬೇಕು, ಆ ಮಟ್ಟಸ ಎಳೆತ ಇದ್ದರೇ ಲಂಗರು ಹಿಡಿಯುವುದು. ಉಳಿದದ್ದು ಗುಡ್ಡೆಗಳ ತಲೆಯ ಮೇಲೆ ಹೂಮಾಲೆಯ ಹಾಗೆ ತೂಗುತ್ತಿರಬೇಕು. ಗಾಳಿ ಜೋರಾದಾಗ ಇಡೀ ಸರಪಳಿ ನೇರವಾಗಿ ಚೆಂಡುಗಳು ಕೆಳಗೆ ಮುಳುಗುತ್ತವೆ, ಅದು ಸರಿಯೇ, ಅವು ಸ್ಪ್ರಿಂಗ್‌ನ ಹಾಗೆ ಪೆಟ್ಟು ತಿನ್ನುತ್ತವೆ. ಕೊನೆಗೆ ಮುಂತುದಿಯಲ್ಲಿ ಎಂಟು ಹತ್ತು ಮೀಟರಿನ ನೈಲಾನ್ ಹಗ್ಗ ಕಟ್ಟಿ ಭಾರವನ್ನು ಅದರ ಮೇಲೆ ಬಿಡಿ. ಯಂತ್ರದ ಮೇಲೆ ಭಾರ ಬಿಡಬಾರದು. ಒಂದು ಬದಲಿ ಹಗ್ಗ ಕೈಗೆಟಕುವಲ್ಲೇ ಇರಲಿ.

ಇಷ್ಟಾದ ಮೇಲೆ ಕನ್ನಡಕ, ಉಸಿರುಕೊಳವೆ ಹಾಕಿಕೊಂಡು ನೀರಿಗಿಳಿದು ಲಂಗರನ್ನು ಕಣ್ಣಾರೆ ನೋಡಿ. ದಿನಕ್ಕೊಂದು ಸಲ ನೋಡಿ. ಅಲ್ಲಿನ ನೀರು ಅದಕ್ಕೆ ಎಷ್ಟು ಅನುಕೂಲವೆಂದರೆ, ಮೇಲಿಂದಲೇ ಕೊಂಡಿ ಕೊಂಡಿ ಎಣಿಸಬಹುದು. ಕಪ್ಪು ತುದಿಯ ರೆಕ್ಕೆಯ ಚಿಕ್ಕ ಶಾರ್ಕ್‌ಗಳು ಸುತ್ತ ತಿರುಗುತ್ತವೆ, ಹಗಲು ಅವು ತಮ್ಮ ಪಾಡಿಗೆ ಇರುತ್ತವೆ. ಮೀನು ಕೊಯ್ದ ನೀರು, ಉಳಿದ ಅನ್ನ ಯಾವುದನ್ನೂ ದೋಣಿಯ ಪಕ್ಕ ಚೆಲ್ಲಬೇಡಿ, ಕತ್ತಲಾಗುವ ಹೊತ್ತಿಗೆ ಮಗಳನ್ನು ನೀರಿನಿಂದ ಮೇಲೆ ಕರೆದುಕೊಳ್ಳಿ.

ಗಾಳಿ ತಿರುಗುವ ಸುಳಿವು ಮೊದಲೇ ಸಿಗುತ್ತದೆಯೇ ಎಂದು ಕೇಳುತ್ತೀರಿ. ಬಹುಪಾಲು ಸಿಗುತ್ತದೆ. ದಕ್ಷಿಣಾರ್ಧದಲ್ಲಿ ದೊಡ್ಡದೊಂದು ಕಡಿಮೆ ಒತ್ತಡದ ಪಟ್ಟಿ ನಮ್ಮ ದಕ್ಷಿಣಕ್ಕೆ ಹಾದುಹೋಗುವಾಗ ಗಾಳಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ: ಪೂರ್ವದಿಂದ ಈಶಾನ್ಯ, ಉತ್ತರ, ವಾಯುವ್ಯ, ಪಶ್ಚಿಮ, ನೈಋತ್ಯ, ದಕ್ಷಿಣ, ಮತ್ತೆ ಆಗ್ನೇಯ. ಪೂರ್ವದ ಗಾಳಿ ಮೆತ್ತಗಾಗಿ ಈಶಾನ್ಯಕ್ಕೆ ಹೊರಳಿತೆಂದರೆ ಕಿವಿ ನಿಮಿರಿಸಿ. ಇನ್ನೊಂದು ಬಗೆ, ಫ್ರೆಂಚ್ ಪಾಲಿನೇಷ್ಯಾದವರು ಮಾರಾಮು ಎಂದು ಕರೆಯುವುದು: ದಕ್ಷಿಣದಲ್ಲಿ ಹೆಚ್ಚಿನ ಒತ್ತಡದ ಗುಡ್ಡ ಬಂದು ಕೂತು, ಆಗ್ನೇಯ–ದಕ್ಷಿಣದಿಂದ ಮೂರು ನಾಲ್ಕು ದಿನ ಬಿಡದೆ ಬಲವಾಗಿ ಬೀಸುತ್ತದೆ. ಜುಲೈ ಅದರ ಕಾಲವೇ. ಉಪಗ್ರಹದ ಮೂಲಕ ದಿನಕ್ಕೆರಡು ಸಲ ಮುನ್ಸೂಚನೆ ಇಳಿಸಿಕೊಳ್ಳಿ, ಯುರೋಪಿನ ಮತ್ತು ಅಮೆರಿಕದ ಎರಡೂ ಮಾದರಿಗಳನ್ನು ಪಕ್ಕಪಕ್ಕ ನೋಡಿ. ಎರಡೂ ಒಂದೇ ಮಾತು ಹೇಳಿದರೆ ನಂಬಿ, ಜಗಳವಾಡಿದರೆ ಕೆಟ್ಟದ್ದನ್ನು ನಂಬಿ.

ನಾನು ಇಟ್ಟುಕೊಂಡಿರುವ ಗೆರೆ ಇದು: ದಕ್ಷಿಣ ಅಥವಾ ನೈಋತ್ಯದಿಂದ ಇಪ್ಪತ್ತು ನಾಟ್ ಮೀರಿ ಒಂದು ದಿನಕ್ಕಿಂತ ಹೆಚ್ಚು ಬೀಸುವ ಸೂಚನೆಯಿದ್ದರೆ, ಹಿಂದಿನ ದಿನ ಮಧ್ಯಾಹ್ನವೇ ಲಂಗರೆತ್ತಿ ಹೊರಗೆ ಹೋಗುವುದು. ಆಳ ಕಡಲಲ್ಲಿ ಹಾಯಿ ಕಿರಿದು ಮಾಡಿ ನಿಂತ ದೋಣಿ ತೂಗುತ್ತದೆ, ನೆನೆಯುತ್ತದೆ, ಆದರೆ ಅದಕ್ಕೆ ಬಡಿಯಲು ಸುತ್ತ ಏನೂ ಇರುವುದಿಲ್ಲ. ನಿಮ್ಮ ಸ್ನೇಹಿತರಿಗೆ ಇದು ಅತಿ ಎನ್ನಿಸಬಹುದು. ದೋಣಿ ಅವರದು, ತೀರ್ಮಾನವೂ ಅವರದೇ. ಆದರೆ ಹೆಂಡತಿ ಮಗಳನ್ನು ಕರೆದೊಯ್ಯುವವರು ನೀವು, ಈ ಮಾತನ್ನು ಬೋರಾ ಬೋರಾದಲ್ಲೇ ಕೂತು ಆಡಿ ಮುಗಿಸಿ. ರಾತ್ರಿ ಎರಡು ಗಂಟೆಗೆ ಗಾಳಿಯಲ್ಲಿ ನಿಂತು ಆಡುವ ಮಾತಲ್ಲ ಅದು.

ಜನವಿಲ್ಲದ ಜಾಗವೆಂದರೆ ಸಹಾಯವೂ ಇಲ್ಲದ ಜಾಗ. ನ್ಯೂಜಿಲೆಂಡಿನ ಟಾಮ್ ನೀಲ್ 1952ರಿಂದ 1977ರ ನಡುವೆ ಮೂರು ಸಲ ಬಂದು ಆ ದ್ವೀಪದಲ್ಲಿ ವರ್ಷಗಟ್ಟಲೆ ಒಬ್ಬನೇ ಇದ್ದ. ಮೊದಲ ವಾಸದಲ್ಲಿ, 1954ರಲ್ಲಿ, ಸಣ್ಣ ದೋಣಿಯ ಲಂಗರು ಎಸೆಯುವಾಗ ಬೆನ್ನು ಹಿಡಿದುಕೊಂಡು ಏಳಲಾಗದೆ ದಿನಗಟ್ಟಲೆ ಗುಡಿಸಲಿನಲ್ಲಿ ಬಿದ್ದಿದ್ದ. ಆಕಸ್ಮಿಕವಾಗಿ ಒಂದು ಹಾಯಿದೋಣಿ ಬಂದದ್ದರಿಂದ ಬದುಕಿದ. ನಿಮ್ಮ ಬಳಿ ಉಪಗ್ರಹ ಫೋನ್ ಇರುತ್ತದೆ, ಆದರೂ ವೈದ್ಯರ ಮಾತು ಬರಬಹುದೇ ಹೊರತು ವೈದ್ಯರು ಬರುವುದಕ್ಕೆ ದಿನಗಳು ಬೇಕು. ಹೊರಡುವ ಮುಂಚೆ ಮೂವರೂ ದಂತವೈದ್ಯರಿಗೆ ಹಲ್ಲು ತೋರಿಸಿಕೊಳ್ಳಿ. ಹವಳ ಕೊಯ್ದ ಗಾಯ ಬಿಸಿ ಹವೆಯಲ್ಲಿ ಬಹಳ ಬೇಗ ಕೀವಾಗುತ್ತದೆ, ಸಣ್ಣ ಗೀರಾದರೂ ಅದೇ ಗಳಿಗೆ ಸಿಹಿನೀರಲ್ಲಿ ಉಜ್ಜಿ ತೊಳೆದು ಔಷಧ ಹಚ್ಚಬೇಕು. ಹವಳದ ಬಂಡೆಯ ಮೀನು ತಿನ್ನಬೇಡಿ. ಸಿಗ್ವಟೆರಾ ಎಂಬ ವಿಷ ಅದರಲ್ಲಿರಬಹುದು, ಬೇಯಿಸಿದರೂ ಹುರಿದರೂ ಅದು ಹೋಗುವುದಿಲ್ಲ. ಹೇಗೂ ಉದ್ಯಾನದೊಳಗೆ ಈಟಿ ಹಿಡಿದು ಮೀನು ಬೇಟೆ ಆಡುವಂತಿಲ್ಲ.

ಕುಡಿಯಲು, ಅಡುಗೆಗೆ ತಲೆಗೆ ದಿನಕ್ಕೆ ಐದು ಲೀಟರ್ ಎಂದು ಹಿಡಿದು, ದಾರಿ, ವಾಸ, ಮುಂದಿನ ದಾರಿ ಎಲ್ಲ ಕೂಡಿಸಿ, ಅದರ ಮೇಲೆ ಅರ್ಧದಷ್ಟು ಹೆಚ್ಚು ನೀರು ತುಂಬಿ. ದ್ವೀಪದಲ್ಲಿ ವನಪಾಲಕರ ಮಳೆನೀರಿನ ತೊಟ್ಟಿಯಿದೆ, ಅದು ಅವರ ನೀರು. ತರಕಾರಿ ಹತ್ತು ದಿನಕ್ಕೆ ಮುಗಿಯುತ್ತದೆ. ನಮ್ಮ ಹೆಸರುಕಾಳಿನಷ್ಟು ಕಡಲಿಗೆ ಒಗ್ಗುವ ಪದಾರ್ಥ ಇನ್ನೊಂದಿಲ್ಲ: ಒದ್ದೆ ಬಟ್ಟೆಯಲ್ಲಿ ಕಟ್ಟಿ ನೇತುಹಾಕಿದರೆ ಎರಡೇ ದಿನಕ್ಕೆ ಮೊಳಕೆ, ನಿಂಬೆರಸ ಹಿಂಡಿದರೆ ಹಸಿ ತರಕಾರಿಯ ಕೊರತೆ ಕಾಣುವುದಿಲ್ಲ. ಅವಲಕ್ಕಿ, ಚಟ್ನಿಪುಡಿಯೂ ಇರಲಿ. ಆದರೆ ಕಾಳು, ಬೀಜ, ಹಣ್ಣು ಏನಿದೆಯೆಂದು ವನಪಾಲಕರಿಗೆ ಪೂರ್ತಿ ಹೇಳಿಬಿಡಿ. ಅವರು ಕೇಳುವುದಕ್ಕೆ ಗಟ್ಟಿ ಕಾರಣವಿದೆ. ಸುವಾರೋ ಕಡಲಹಕ್ಕಿಗಳು ಗೂಡುಕಟ್ಟುವ ದೊಡ್ಡ ನೆಲೆ. ಕೆಂಪು ಬಾಲದ ಟ್ರಾಪಿಕ್ ಹಕ್ಕಿ, ಫ್ರಿಗೇಟ್ ಹಕ್ಕಿ, ಸಾವಿರಾರು ರೀವಗಳು (ಟರ್ನ್ ಹಕ್ಕಿಗಳು) ಬರಿನೆಲದ ಮೇಲೋ ತಗ್ಗು ಪೊದೆಯ ಮೇಲೋ ಮೊಟ್ಟೆ ಇಡುತ್ತವೆ. ಮೊಟ್ಟೆ ತಿನ್ನುವ ಇಲಿಗಳನ್ನು ತೆಗೆಯಲು 2013ರಲ್ಲಿ ದೊಡ್ಡ ಕಾರ್ಯಾಚರಣೆಯನ್ನೇ ನಡೆಸಿದ್ದರು. ಬಸುರಿ ಇಲಿಯೊಂದು ನಿಮ್ಮ ದೋಣಿಯಿಂದ ಇಳಿದರೂ ಆ ಶ್ರಮ ಮಣ್ಣುಪಾಲು. ಬೋರಾ ಬೋರಾದಲ್ಲಿ ಕಟ್ಟೆಗೆ ಕಟ್ಟಿದ್ದರೆ ಹೊರಡುವ ಮುನ್ನ ಪ್ರತಿ ಮೂಲೆ ಜಾಲಾಡಿ. ಕಸವೆಲ್ಲ ನಿಮ್ಮ ಜೊತೆಗೇ ವಾಪಸು ಬರಬೇಕು.

ಕಾಗದಪತ್ರ ಚುಟುಕಾಗಿ. ಸುವಾರೋಗೆ ಬರುವ ಮುನ್ನ ಕುಕ್ ದ್ವೀಪಗಳ ಅಧಿಕಾರಿಗಳಿಗೆ ತಿಳಿಸಿ ಒಪ್ಪಿಗೆ ಪಡೆಯಿರಿ, ನಿಯಮ, ಶುಲ್ಕ ಎರಡೂ ಆಗಾಗ ಬದಲಾಗುತ್ತವೆ. ವಾಸದ ಮಿತಿ ಸಾಮಾನ್ಯವಾಗಿ ಎರಡು ವಾರ. ಕುಕ್ ದ್ವೀಪಗಳಲ್ಲಿ ಭಾರತದ ಪಾಸ್‌ಪೋರ್ಟಿನವರೂ ಪ್ರವಾಸಿಗಳಾಗಿ 31 ದಿನ ವೀಸಾ ಇಲ್ಲದೆ ಇರಬಹುದು. ನಿಮಗೆ ತೊಡಕಾಗಬಹುದಾದದ್ದು ಬೋರಾ ಬೋರಾ. ಫ್ರೆಂಚ್ ಪಾಲಿನೇಷ್ಯಾ ಯುರೋಪಿನ ಷೆಂಗೆನ್ ವೀಸಾ ವಲಯದೊಳಗಿಲ್ಲ, ಷೆಂಗೆನ್ ವೀಸಾ ತನ್ನಷ್ಟಕ್ಕೆ ಅಲ್ಲಿ ಸಾಲದು. ಫ್ರೆಂಚ್ ಪಾಲಿನೇಷ್ಯಾಕ್ಕೆ ಸಲ್ಲುತ್ತದೆ ಎಂದು ಬರೆದಿರುವ ವೀಸಾ ಕೇಳಿ ಪಡೆಯಬೇಕು. ಅರ್ಜಿಯನ್ನು ಮೂರು ತಿಂಗಳು ಮೊದಲೇ ಹಾಕಿ.

ಕೊನೆಗೆ ವಾಪಸಿನ ಟಿಕೆಟ್. ಸುವಾರೋದಿಂದ ಸಮೋವಾದ ರಾಜಧಾನಿ ಆಪಿಯಾಗೆ ಸುಮಾರು 510 ನಾಟಿಕಲ್ ಮೈಲಿ, ನಾಲ್ಕು ದಿನವೆಂದುಕೊಳ್ಳಿ. ಆದರೆ ಸಮೋವಾ 2011ರ ಡಿಸೆಂಬರ್ 30ನ್ನು ಕ್ಯಾಲೆಂಡರಿನಿಂದಲೇ ಬಿಟ್ಟು ದಿನರೇಖೆಯ ಆಚೆಗೆ ಹಾರಿಕೊಂಡ ದೇಶ. ಸುವಾರೋದಲ್ಲಿ ಸೋಮವಾರ ಬೆಳಿಗ್ಗೆ ಲಂಗರೆತ್ತಿ ನಾಲ್ಕು ದಿನ ಓಡಿ ತಲುಪಿದರೆ, ನಿಮ್ಮ ದೋಣಿಯ ಲೆಕ್ಕದಲ್ಲಿ ಶುಕ್ರವಾರ, ಆಪಿಯಾ ಬಂದರಿನ ಲೆಕ್ಕದಲ್ಲಿ ಶನಿವಾರ. ಆ ಒಂದು ದಿನಕ್ಕೆ, ಗಾಳಿ ಕೈಕೊಟ್ಟರೆಂದು ಇನ್ನೈದು ದಿನ ಸೇರಿಸಿ, ದಿನಾಂಕ ಬದಲಿಸಲು ಬರುವ ಟಿಕೆಟನ್ನೇ ತೆಗೆದುಕೊಳ್ಳಿ. ವಿಮಾನ ತಪ್ಪಿಹೋದೀತೆಂಬ ಅವಸರಕ್ಕೆ ಬಿದ್ದು ಕೆಟ್ಟ ಮುನ್ಸೂಚನೆಯಲ್ಲಿ ಅಳಿವೆ ದಾಟುವ ಪ್ರಸಂಗ ನಿಮಗೆ ಬರಬಾರದು.